ಬೆರಳಚ್ಚು ಸಿಕ್ಕಿತು ಅಂದರೆ ಕಳ್ಳ ಸಿಕ್ಕ ಹಾಗಾ?

ಪ್ರಶ್ನೆ: ಸರ್, ನನ್ನ ತಮ್ಮ ಮರಗೆಲಸ ಮಾಡುತ್ತಾನೆ. ಅದಿಲ್ಲದಾಗ ಗಾರೆ ಕೆಲಸಕ್ಕೂ ಹೋಗುತ್ತಾನೆ. ಕಳೆದ ದೀಪಾವಳಿಗೆ ಮುಂಚೆ ಒಂದು ಮನೆಯಲ್ಲಿ ವಾರ್ಡ್‌ರೋಬ್ ಕೂರಿಸಿ ಬಂದಿದ್ದ. ನಾಲ್ಕು ತಿಂಗಳಾದ ಮೇಲೆ ಆ ಮನೆಯಲ್ಲಿ ಒಡವೆ ಕಳುವಾಯಿತು. ಅಲ್ಲಿ ಕೆಲಸ ಮಾಡಿದವರನ್ನೆಲ್ಲ ಠಾಣೆಗೆ ಕರೆಸಿ ಬೆರಳಚ್ಚು ತೆಗೆದುಕೊಂಡರು. ಈಗ ವಾರ್ಡ್‌ರೋಬ್ ಒಳಗೆ ಸಿಕ್ಕ ಒಂದು ಅಚ್ಚು ಇವನದ್ದಕ್ಕೆ ಹೊಂದುತ್ತಿದೆ ಅನ್ನುತ್ತಿದ್ದಾರೆ. ಬಂಧಿಸಿಲ್ಲ, ಆದರೆ ಮತ್ತೆ ಬರಬೇಕು ಅಂದಿದ್ದಾರೆ. ದೇವರಾಣೆ ಅವನು ಕದ್ದಿಲ್ಲ. ಊಟ ಬಿಟ್ಟು ಕೂತಿದ್ದಾನೆ. ಸ್ವಲ್ಪ ದಿನ ಗೋವಾ ಕಡೆ ಹೋಗಿ ಕೆಲಸ ಮಾಡಿಕೊಂಡಿರಲಿ ಅಂತ ಸಂಬಂಧಿಕರು ಹೇಳುತ್ತಾರೆ. ಆ್ಯಸಿಡ್ ಮುಟ್ಟಿಸಿದರೆ ಗೆರೆ ಹೋಗುತ್ತದೆ ಅಂತ ಅವನ ಸ್ನೇಹಿತ ಹೇಳಿದ್ದಾನೆ. ರೇಷನ್ ಅಂಗಡಿಯ ಮೆಷಿನ್ ಇವನ ಹೆಬ್ಬೆಟ್ಟನ್ನು ಎಷ್ಟೋ ಸಲ ತೆಗೆದುಕೊಳ್ಳುವುದೇ ಇಲ್ಲ. ಹಾಗಾದರೆ ಗೆರೆ ಬದಲಾಗಿ ಬೇರೆಯವರದ್ದಕ್ಕೆ ಹೊಂದಿಬಿಟ್ಟಿದೆಯಾ? ಪೊಲೀಸರು ಆಧಾರ್‌ನಿಂದ ಅಚ್ಚು ತೆಗೆಸುತ್ತಾರಾ? ಒಪ್ಪದಿದ್ದರೆ ಮಂಪರು ಪರೀಕ್ಷೆ ಮಾಡಿಸುತ್ತಾರಂತೆ, ನಿಜವಾ? ಬೆರಳಚ್ಚು ಕಂಡುಹಿಡಿದು ನೂರು ವರ್ಷ ದಾಟಿತು, ಇವತ್ತಿನವರೆಗೆ ಒಂದೂ ತಪ್ಪಾಗಿಲ್ಲವಂತೆ ಅಂತ ಪಿಯುಸಿ ಓದುವ ನನ್ನ ಮಗಳು ಎಲ್ಲೋ ಓದಿಕೊಂಡು ಬಂದು ಹೇಳಿದಳು. ಅವತ್ತಿನಿಂದ ನನಗೂ ನಿದ್ದೆ ಇಲ್ಲ.
— ಹಾಸನ ಜಿಲ್ಲೆಯ ಓದುಗರೊಬ್ಬರು

ಉತ್ತರ: ಮೊದಲು ಎರಡು ಮಾತು. ಮಿಕ್ಕಿದ್ದನ್ನು ನಿಧಾನವಾಗಿ ಓದಿ. ನಿಮ್ಮ ತಮ್ಮ ಊರು ಬಿಡಬಾರದು. ಬೆರಳಿಗೆ ಆ್ಯಸಿಡ್ ಮುಟ್ಟಿಸಬಾರದು. ತಪ್ಪು ಮಾಡದವನನ್ನು ತಪ್ಪಿತಸ್ಥನ ಹಾಗೆ ಕಾಣಿಸಲು ಇವೆರಡೇ ಸಾಕು.

ನೋಡಿ ತಾಯಿ, ಆ ಅಚ್ಚು ಅವನದ್ದು ಹೌದಾ ಅಲ್ವಾ ಅನ್ನುವ ಒಂದೇ ಪ್ರಶ್ನೆಯನ್ನು ಮನೆಯವರೆಲ್ಲ ಹಿಡಿದು ಕೂತಿದ್ದೀರಿ. ನಿಮ್ಮ ಪ್ರಕರಣದಲ್ಲಿ ಅದು ಅಷ್ಟು ಮುಖ್ಯ ಅಲ್ಲ. ಅಚ್ಚು ಅವನದ್ದೇ ಅಂತ ಇಟ್ಟುಕೊಳ್ಳೋಣ. ವಾರ್ಡ್‌ರೋಬ್ ಕೂರಿಸಿದವನ ಬೆರಳಚ್ಚು ವಾರ್ಡ್‌ರೋಬ್ ಒಳಗೆ ಇರುವುದರಲ್ಲಿ ಆಶ್ಚರ್ಯ ಏನಿದೆ? ಈ ಬೆರಳು ಈ ಜಾಗವನ್ನು ಮುಟ್ಟಿದೆ, ಬೆರಳಚ್ಚು ಹೇಳುವುದು ಇಷ್ಟೇ. ಯಾವತ್ತು ಮುಟ್ಟಿತು, ಯಾಕೆ ಮುಟ್ಟಿತು ಅನ್ನುವುದನ್ನು ಅದು ಹೇಳುವುದಿಲ್ಲ. ಅದನ್ನು ಮನುಷ್ಯರು ಸುತ್ತಲಿನ ಸಂಗತಿಗಳಿಂದ ಕಟ್ಟುತ್ತಾರೆ. ನಾನು ಬೆರಳಚ್ಚು ವಿಭಾಗದಲ್ಲಿ ಕೆಲಸ ಮಾಡಿದ ಕಾಲದಲ್ಲೆಲ್ಲ ಗಮನಿಸಿದ್ದು ಇದನ್ನೇ. ಅಚ್ಚು ಹೊಂದಿಸುವಾಗ ಆಗುವ ತಪ್ಪು ಕಡಿಮೆ. ಹೊಂದಿದ ಅಚ್ಚಿಗೆ ಅರ್ಥ ಹಚ್ಚುವಾಗ ಎಡವುವುದು ಜಾಸ್ತಿ.

ಅಚ್ಚು ಹೇಗೆ ಬೀಳುತ್ತದೆ ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಬೆರಳ ತುದಿಯ ಉಬ್ಬುಗೆರೆಗಳ ಉದ್ದಕ್ಕೂ ಬೆವರಿನ ಸಣ್ಣ ರಂಧ್ರಗಳಿವೆ. ಮುಖ, ತಲೆ ಮುಟ್ಟಿಕೊಂಡಾಗ ಎಣ್ಣೆಜಿಡ್ಡೂ ಅಂಟುತ್ತದೆ. ಗಾಜು, ಸ್ಟೀಲ್, ಸನ್‌ಮೈಕಾದಂಥ ನುಣುಪು ಮೇಲ್ಮೈ ಮುಟ್ಟಿದರೆ ಇದೇ ಗೆರೆಗೆರೆಯಾಗಿ ಅಲ್ಲಿ ಉಳಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬ್ರಷ್‌ನಲ್ಲಿ ನಯವಾದ ಪುಡಿ ಸವರಿದರೆ ಜಿಡ್ಡಿಗೆ ಪುಡಿ ಹಿಡಿದು ಅಚ್ಚು ಎದ್ದು ಕಾಣುತ್ತದೆ. ಕಾಗದವಾದರೆ ನಿನ್‌ಹೈಡ್ರಿನ್ ಅನ್ನುವ ರಾಸಾಯನಿಕ ಹಾಕುತ್ತೇವೆ, ಅಚ್ಚು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಒರಟು ಸಿಮೆಂಟ್ ಗೋಡೆ, ಪಾಲಿಶ್ ಕಾಣದ ಮರದ ಮೇಲೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. 'ಶ್ವಾನದಳ ಹಾಗೂ ಬೆರಳಚ್ಚು ತಜ್ಞರು ಸ್ಥಳಕ್ಕೆ ಭೇಟಿ ನೀಡಿದರು' ಅಂತ ಪೇಪರಿನಲ್ಲಿ ಓದುತ್ತೀರಲ್ಲ, ಎಷ್ಟೋ ಸಲ ಅಲ್ಲಿ ಕೈಗೆ ಸಿಗುವುದು ಉಜ್ಜಿಹೋದ ಅರ್ಧ ಅಚ್ಚು.

ಬಿಸಿಲು, ಧೂಳು, ಒರೆಸುವ ಬಟ್ಟೆ ತಾಗದ ಜಾಗದಲ್ಲಿ ಅಚ್ಚು ತಿಂಗಳುಗಟ್ಟಲೆ ಉಳಿಯಬಲ್ಲದು. ವಾರ್ಡ್‌ರೋಬ್ ಒಳಗಿನ ಸನ್‌ಮೈಕಾ ಅಂಥದ್ದೇ ಜಾಗ. ದೀಪಾವಳಿಗೆ ಬಿದ್ದದ್ದು ನಾಲ್ಕು ತಿಂಗಳ ಮೇಲೆ ಸಿಕ್ಕರೆ ನನಗೆ ಅದು ವಿಚಿತ್ರ ಅನ್ನಿಸುವುದಿಲ್ಲ. ಅಚ್ಚು ನೋಡಿ ಇಂಥ ದಿನವೇ ಬಿದ್ದದ್ದು ಅಂತ ಹೇಳುವ ನಂಬಿಕೆಯ ವಿಧಾನ ಇವತ್ತಿಗೂ ಇಲ್ಲ.

ಆದರೆ ಅಚ್ಚು ಎಲ್ಲಿ ಇದೆ, ಯಾವ ಬಗೆಯದು ಅನ್ನುವುದರಿಂದ ತುಂಬ ತಿಳಿಯುತ್ತದೆ. ಇದನ್ನು ನಿಮ್ಮ ವಕೀಲರಿಗೆ ಓದಿ ಹೇಳಿ. ಅಚ್ಚು ಕೀಲಿನ ಹತ್ತಿರವೋ, ಹಲಗೆಯ ಅಡಿಯಲ್ಲೋ, ಬಾಗಿಲಿನ ಮೇಲಂಚಿನಲ್ಲೋ ಇದೆಯಾ? ಅಲ್ಲಿಗೆ ಕೈ ಹೋಗುವುದು ಬಾಗಿಲು ಕೂರಿಸುವವನದ್ದು, ಕಳ್ಳನದ್ದಲ್ಲ. ಬೆರಳು ಮೇಲಕ್ಕೆ ಮುಖ ಮಾಡಿದೆಯಾ, ಅಡ್ಡವಾಗಿದೆಯಾ? ಹಲಗೆ ಎತ್ತಿ ಹಿಡಿದ ಕೈಯ ಅಚ್ಚೇ ಬೇರೆ, ಡ್ರಾಯರ್ ಎಳೆದ ಕೈಯದ್ದೇ ಬೇರೆ. ಎಲ್ಲಕ್ಕಿಂತ ಮುಖ್ಯವಾದದ್ದು ಫೆವಿಕಾಲ್. ಮರಗೆಲಸದವರ ಬೆರಳಿಗೆ ಅದು ಅಂಟಿಯೇ ಇರುತ್ತದೆ. ಒಣಗಿದ ಅಂಟಿನಲ್ಲಿ ಗೆರೆಗಳು ಒತ್ತಿಕೊಂಡಿದ್ದರೆ, ಅಂಟು ಹಸಿಯಿದ್ದಾಗಲೇ ಬೆರಳು ಅಲ್ಲಿಗೆ ತಾಗಿದೆ ಅಂತಾಯಿತು. ಅಂದರೆ ಕೆಲಸ ನಡೆಯುತ್ತಿದ್ದ ದಿನ. ಜಿಡ್ಡಿನ ಅಚ್ಚಿಗೆ ದಿನಾಂಕ ಇಲ್ಲ, ಅಂಟಿನ ಅಚ್ಚಿಗೆ ಒಂದು ಲೆಕ್ಕದಲ್ಲಿ ಇದೆ.

ಇನ್ನೊಂದು ಕಡೆಯನ್ನೂ ಮುಚ್ಚಿಡದೆ ಹೇಳುತ್ತೇನೆ. ಕೆಲಸ ಮುಗಿದ ಮೇಲೆ ಮನೆಗೆ ಬಂದ ವಸ್ತುವಿನ ಮೇಲೆ, ಉದಾಹರಣೆಗೆ ಆಮೇಲೆ ಕೊಂಡ ಒಡವೆ ಪೆಟ್ಟಿಗೆಯ ಮೇಲೆ, ಅವನ ಅಚ್ಚು ಸಿಕ್ಕಿದ್ದರೆ ಮೇಲೆ ಹೇಳಿದ ವಿವರಣೆ ನಿಲ್ಲುವುದಿಲ್ಲ. ಹಾಗಾಗಿ ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಸಮಾಧಾನದಿಂದ ಕೇಳಿ. ಆಮೇಲೆ ಯಾವತ್ತಾದರೂ ಆ ಮನೆಗೆ ಹೋಗಿದ್ದನಾ? ಬಾಗಿಲು ಸರಿಮಾಡಲು, ಬಾಕಿ ದುಡ್ಡು ಕೇಳಲು? ಹೋಗಿದ್ದರೆ ಅದನ್ನೂ ಹೇಳಬೇಕು. ಬಚ್ಚಿಟ್ಟ ಸಣ್ಣ ಸತ್ಯ ಆಮೇಲೆ ದೊಡ್ಡ ಸುಳ್ಳಿನ ಹಾಗೆ ಕಾಣುತ್ತದೆ.

ಈಗ ನಿಮ್ಮ ಮಗಳು ಓದಿದ ಮಾತಿಗೆ ಬರೋಣ. ಒಂದೂ ತಪ್ಪಾಗಿಲ್ಲ ಅನ್ನುವುದು ಸುಳ್ಳು. ಆದರೆ ಈ ವಿದ್ಯೆಯ ಕತೆ ಅವಳು ತಿಳಿಯಬೇಕಾದದ್ದೇ. ಅದರ ಬಹುಭಾಗ ನಡೆದದ್ದು ನಮ್ಮ ದೇಶದಲ್ಲಿ.

1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಅನ್ನುವ ಬ್ರಿಟಿಷ್ ಅಧಿಕಾರಿ ರಸ್ತೆಗೆ ಬೇಕಾದ ಸಾಮಗ್ರಿ ಒದಗಿಸಲು ರಾಜ್ಯಧರ್ ಕೊನಾಯ್ ಅನ್ನುವ ಗುತ್ತಿಗೆದಾರರ ಜತೆ ಕರಾರು ಮಾಡಿಕೊಂಡ. ಆಮೇಲೆ ಇದು ನನ್ನ ಸಹಿ ಅಲ್ಲ ಅನ್ನಬಾರದು ಅಂತ ಅವರ ಇಡೀ ಅಂಗೈಯನ್ನು ಮಸಿಯಲ್ಲಿ ಕಾಗದದ ಹಿಂದೆ ಒತ್ತಿಸಿದ. ಆಗ ಅದರಲ್ಲಿ ವಿಜ್ಞಾನ ಏನೂ ಇರಲಿಲ್ಲ, ಸುಮ್ನೆ ಹೆದರಿಸಲು ಮಾಡಿದ್ದು. ಆಮೇಲೆ ವರ್ಷಗಟ್ಟಲೆ ಅದೇ ಜನರ ಅಚ್ಚನ್ನು ಮತ್ತೆ ಮತ್ತೆ ತೆಗೆದು ನೋಡಿ, ಗೆರೆ ಬದಲಾಗುವುದಿಲ್ಲ ಅಂತ ಕಂಡುಕೊಂಡ. 1877ರಲ್ಲಿ ಹೂಗ್ಲಿಯಲ್ಲಿ ಪಿಂಚಣಿ, ಪತ್ರಗಳ ನೋಂದಣಿ, ಜೈಲು ದಾಖಲೆಗಳಿಗೆ ಬೆರಳಚ್ಚು ತಂದ. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಹೆಬ್ಬೆಟ್ಟಿನ ಬೇರು ಅಲ್ಲಿದೆ.

ಅಪರಾಧಕ್ಕೂ ಬೆರಳಿಗೂ ಗಂಟು ಹಾಕಿದ್ದು ಟೋಕಿಯೋದಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯ ಹೆನ್ರಿ ಫಾಲ್ಡ್ಸ್. ಹಳೆಯ ಮಡಕೆ ಚೂರುಗಳ ಮೇಲೆ ಕುಂಬಾರರ ಬೆರಳ ಗುರುತು ನೋಡಿ ಅವರಿಗೆ ಇದರಲ್ಲಿ ಆಸಕ್ತಿ ಹುಟ್ಟಿತು. ಕಳ್ಳರನ್ನು ಹೀಗೆ ಗುರುತಿಸಬಹುದು ಅಂತ 1880ರಲ್ಲಿ 'ನೇಚರ್' ಪತ್ರಿಕೆಗೆ ಬರೆದರು. ಅವರು ಮೊದಮೊದಲು ಅಚ್ಚು ಬಳಸಿದ್ದರಲ್ಲೇ ಒಂದು ಸಂಗತಿ ನನಗೆ ಬಹಳ ಇಷ್ಟ. ಟೋಕಿಯೋದ ಒಂದು ಕಳ್ಳತನದಲ್ಲಿ ಗೋಡೆಯ ಮೇಲೆ ಮಸಿ ಕೈಯ ಗುರುತು ಇತ್ತು. ಹಿಡಿದು ತಂದವನ ಕೈ ಅದಕ್ಕೆ ಹೊಂದಲಿಲ್ಲ. ಅಂದರೆ ಈ ವಿದ್ಯೆ ಹುಟ್ಟುತ್ತಲೇ ಒಬ್ಬ ಅಮಾಯಕನನ್ನು ಬಿಡಿಸಿತು.

1892ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಗೆರೆಗಳನ್ನು ಕಮಾನು, ಲೂಪ್, ಸುಳಿ ಅಂತ ಮೂರು ಬಗೆ ಮಾಡಿದ. ಮನೆಯ ಹಿರಿಯರು ಮಕ್ಕಳ ಬೆರಳು ಹಿಡಿದು ಶಂಖ, ಚಕ್ರ ಎಣಿಸುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಗುರುತು. ಅದೇ ವರ್ಷ ಅರ್ಜೆಂಟೀನಾದ ನೆಕೋಚಿಯಾದಲ್ಲಿ ಎರಡು ಮಕ್ಕಳ ಕೊಲೆಯಾಯಿತು. ತಾಯಿ ಪರಿಚಯದವನೊಬ್ಬನ ಮೇಲೆ ದೂರು ಹೇಳಿದಳು. ಅವನನ್ನು ಹಿಡಿದು ಹಿಂಸೆ ಕೊಟ್ಟರೂ ಒಪ್ಪಲಿಲ್ಲ. ಹುವಾನ್ ವುಸೆಟಿಚ್ ಅವರಿಂದ ಬೆರಳಚ್ಚು ವಿದ್ಯೆ ಕಲಿತ ಅಧಿಕಾರಿಯೊಬ್ಬರು ಬಾಗಿಲ ಮೇಲಿದ್ದ ರಕ್ತದ ಹೆಬ್ಬೆಟ್ಟಿನ ಗುರುತನ್ನು ಮರದ ಸಮೇತ ಕೊಯ್ದು ತಂದರು. ಅದು ತಾಯಿಯದ್ದೇ ಆಗಿತ್ತು.

ಆದರೆ ದೊಡ್ಡ ತೊಡಕು ಬೇರೆ ಇತ್ತು. ಸಾವಿರಾರು ಹಾಳೆಗಳಲ್ಲಿ ಅಚ್ಚು ತೆಗೆದಿಟ್ಟುಕೊಂಡರೆ, ಬೇಕಾದದ್ದನ್ನು ಹುಡುಕುವುದು ಹೇಗೆ? ಅದಕ್ಕೇ ಆಗಿನ ಪೊಲೀಸರು ಪ್ಯಾರಿಸ್‌ನ ಬರ್ಟಿಲಾನ್ ಪದ್ಧತಿ ನಂಬಿದ್ದರು. ತಲೆ, ಕೈ, ಕಾಲಿನ ಅಳತೆ ತೆಗೆಯುವ ಪದ್ಧತಿ ಅದು. ಅಳೆಯುವವರು ಬದಲಾದರೆ ಅಳತೆಯೂ ಬದಲಾಗುತ್ತಿತ್ತು. ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿ ಕಲ್ಕತ್ತೆಯ ತನ್ನ ಕಚೇರಿಯ ಇಬ್ಬರು ಸಬ್‌ಇನ್‌ಸ್ಪೆಕ್ಟರ್‌ಗಳಿಗೆ ಈ ಕೆಲಸ ಒಪ್ಪಿಸಿದ. ಒಬ್ಬರು ಖುಲ್ನಾ ಕಡೆಯ ಅಜೀಜುಲ್ ಹಕ್, ಗಣಿತ ಓದಿದವರು. ಇನ್ನೊಬ್ಬರು ಹೇಮಚಂದ್ರ ಬೋಸ್.

ಹಕ್ ಹಾಕಿದ ಲೆಕ್ಕ ಎಷ್ಟು ಚೆಂದ ನೋಡಿ. ನಿಮ್ಮ ಮಗಳು ಕೂತು ಮಾಡಬಹುದು. ಬಲ ಹೆಬ್ಬೆರಳಿನಿಂದ ಎಡ ಕಿರುಬೆರಳಿನವರೆಗೆ ಬೆರಳಿಗೆ 1ರಿಂದ 10 ಅಂತ ನಂಬರ್ ಕೊಡಿ. ಎರಡೆರಡರ ಐದು ಜೋಡಿ ಮಾಡಿ. ಮೊದಲ ಜೋಡಿಗೆ 16, ಆಮೇಲೆ 8, 4, 2, 1. ಯಾವ ಬೆರಳಲ್ಲಿ ಸುಳಿ ಇದೆಯೋ ಅದಕ್ಕೆ ಮಾತ್ರ ಅದರ ಜೋಡಿಯ ಅಂಕ. ಸಮ ನಂಬರಿನ ಬೆರಳುಗಳ ಮೊತ್ತ ಮೇಲೆ, ಬೆಸದ್ದು ಕೆಳಗೆ, ಎರಡಕ್ಕೂ 1 ಕೂಡಿಸಬೇಕು. ಎರಡು ಹೆಬ್ಬೆರಳಲ್ಲಿ ಮಾತ್ರ ಸುಳಿ ಇದ್ದವನ ಹಾಳೆ 5/17. ಹೀಗೆ ಮೇಲೆ 32 ಬಗೆ, ಕೆಳಗೆ 32 ಬಗೆ, ಒಟ್ಟು 1024 ಗೂಡು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಗುಮಾಸ್ತರೊಬ್ಬರು ನೇರವಾಗಿ ಸರಿಯಾದ ಗೂಡಿಗೆ ಕೈ ಹಾಕಬಹುದಿತ್ತು. ಬೋಸ್ ಇದನ್ನು ಇನ್ನೂ ಸೂಕ್ಷ್ಮವಾಗಿ ಒಡೆದರು. ತಂತಿಯಲ್ಲಿ ಕಳಿಸುವ ಹಾಗೆ ಸಂಕೇತವನ್ನೂ ಮಾಡಿದರು. 1897ರ ಜೂನ್ 12ರಂದು ಸರ್ಕಾರ ಇದನ್ನು ಒಪ್ಪಿತು. ಕಲ್ಕತ್ತೆಯ ಬ್ಯೂರೋ ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ಅಂತ ಹೆಸರಾಯಿತು. 1901ರಲ್ಲಿ ಇದೇ ಪದ್ಧತಿ ಲಂಡನ್ ಪೊಲೀಸರ ಸ್ಕಾಟ್ಲೆಂಡ್ ಯಾರ್ಡ್‌ಗೆ ಹೋಯಿತು, ಅಲ್ಲಿಂದ ಊರೂರಿಗೆ.

ಎಲ್ಲ ಕಡೆ ಅದಕ್ಕೆ 'ಹೆನ್ರಿ ಪದ್ಧತಿ' ಅಂತಲೇ ಹೆಸರು. 1900ರಲ್ಲಿ ಹೆನ್ರಿ ಬರೆದ ಪುಸ್ತಕದಲ್ಲಿ ಈ ಇಬ್ಬರ ಪಾಲಿಗೆ ಸಲ್ಲಬೇಕಾದ ಗೌರವ ಸಲ್ಲಲಿಲ್ಲ. ಹಕ್ ತನ್ನ ಸಿಬ್ಬಂದಿಯಲ್ಲಿ ಎಲ್ಲರಿಗಿಂತ ಹೆಚ್ಚು ಕೆಲಸ ಮಾಡಿದವರು ಅಂತ ಹೆನ್ರಿ ಸ್ಪಷ್ಟವಾಗಿ ಪತ್ರ ಬರೆದುಕೊಟ್ಟದ್ದು 1926ರಲ್ಲಿ. ಇಬ್ಬರಿಗೂ ಬಿರುದು, ಗೌರವಧನ ಬಂದವು ನಿಜ. ಪದ್ಧತಿಯ ಹೆಸರು ಮಾತ್ರ ಬದಲಾಗಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ಸಂಗತಿ. ಮಗಳು ಕಾಲೇಜಿನಲ್ಲಿ ಈ ವಿಷಯ ಮಾತಾಡಿದರೆ ಹಕ್, ಬೋಸ್ ಎರಡೂ ಹೆಸರು ಹೇಳಲಿ.

ನಿಮ್ಮ ತಮ್ಮನಿಗೆ ನಾನು ಹೇಳಬೇಕೆಂದಿರುವ ಕತೆ, ಸರ್ಕಾರ ಈ ಪದ್ಧತಿ ಒಪ್ಪಿದ ಮರುವರ್ಷದ್ದು. 1898, ಬಂಗಾಳದ ಜಲಪಾಯ್‌ಗುರಿ ಜಿಲ್ಲೆ. ಚಹಾ ತೋಟದ ಮ್ಯಾನೇಜರ್ ಮಲಗಿದ್ದ ಕೋಣೆಯಲ್ಲೇ ಕೊಲೆಯಾಗಿದ್ದ. ಪೆಟ್ಟಿಗೆ ಒಡೆದು ಹಣ ದೋಚಿದ್ದರು. ಅಡುಗೆಯವನು, ಕೂಲಿಗಳು, ಹಳೆಯ ದ್ವೇಷದವರು ಹೀಗೆ ಒಬ್ಬರಾದ ಮೇಲೆ ಒಬ್ಬರ ಮೇಲೆ ಅನುಮಾನ. ಆ ಪೆಟ್ಟಿಗೆಯಲ್ಲಿ ನೀಲಿ ರಟ್ಟಿನ ಒಂದು ಬಂಗಾಳಿ ಪಂಚಾಂಗ ಇತ್ತು. ರಟ್ಟಿನ ಮೇಲೆ ಕಂದು ಬಣ್ಣದ ಎರಡು ಮಸುಕು ಗುರುತು. ಒಂದು ಏನೂ ತಿಳಿಯದ ಹಾಗೆ ಉಜ್ಜಿಹೋಗಿತ್ತು. ಇನ್ನೊಂದರಲ್ಲಿ ಬಲ ಹೆಬ್ಬೆರಳಿನ ಗೆರೆಗಳ ಒಂದು ತುಂಡು ಕಾಣುತ್ತಿತ್ತು. ಕಲ್ಕತ್ತೆಯ ಬ್ಯೂರೋದಲ್ಲಿ ಹುಡುಕಿದಾಗ ಅದು ಕಂಗಾಲಿ ಚರಣ್ ಅನ್ನುವವನ ಹೆಬ್ಬೆರಳಿಗೆ ಹೊಂದಿತು. ಅವನು ಅದೇ ಮ್ಯಾನೇಜರ್‌ನ ಹಳೆಯ ಆಳು, ಹಿಂದೆ ಕಳ್ಳತನಕ್ಕೆ ಜೈಲಿಗೆ ಹೋಗಿದ್ದವನು. ಕಲೆ ರಕ್ತದ್ದೇ ಅಂತ ರಾಸಾಯನಿಕ ಪರೀಕ್ಷಕರು ಹೇಳಿದರು.

ನ್ಯಾಯಾಲಯ ಏನು ಮಾಡಿತು ಗೊತ್ತಾ? ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು. ಕೊಲೆ ಆರೋಪದಿಂದ ಬಿಟ್ಟಿತು. ಇವನು ಆ ಪೆಟ್ಟಿಗೆಗೆ ಕೈ ಹಾಕಿದ್ದಾನೆ ಅಂತ ಅಚ್ಚು ಹೇಳುತ್ತದೆ, ಕೊಲೆ ಮಾಡಿದ್ದಾನೆ ಅಂತ ಹೇಳುವುದಿಲ್ಲ ಅನ್ನುವ ಎಚ್ಚರ ಅಲ್ಲಿತ್ತು. ರಕ್ತ ಮೆತ್ತಿದ ಅಚ್ಚಿನ ಮುಂದೆಯೇ ಆ ಎಚ್ಚರ ಇತ್ತು. ಬೆರಳಚ್ಚಿನಿಂದ ಗೆದ್ದ ಜಗತ್ತಿನ ಮೊದಮೊದಲ ಮೊಕದ್ದಮೆಗಳಲ್ಲಿ ಇದೂ ಒಂದು. ಮರುವರ್ಷ, 1899ರಲ್ಲಿ, ಬೆರಳಚ್ಚು ತಜ್ಞರ ಅಭಿಪ್ರಾಯಕ್ಕೆ ನಮ್ಮ ಸಾಕ್ಷ್ಯ ಕಾಯ್ದೆಯ 45ನೇ ಕಲಂನಲ್ಲಿ ಜಾಗ ಸಿಕ್ಕಿತು. ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ. ಇವತ್ತಿಗೂ ನಮ್ಮದು ಅಭಿಪ್ರಾಯ, ತೀರ್ಪಲ್ಲ.

ಹಾಗಾದರೆ ತಪ್ಪು ಆಗಿದ್ದು ಎಲ್ಲಿ? 2004ರ ಮಾರ್ಚ್ 11ರಂದು ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ ರೈಲುಗಳಲ್ಲಿ ಬಾಂಬ್ ಸಿಡಿದು 190ಕ್ಕೂ ಹೆಚ್ಚು ಜನ ಸತ್ತರು. ಡಿಟೊನೇಟರ್ ತುಂಬಿದ್ದ ಒಂದು ಪ್ಲಾಸ್ಟಿಕ್ ಚೀಲದ ಮೇಲೆ ಅಚ್ಚು ಸಿಕ್ಕಿತು. ಅಮೆರಿಕದ ಎಫ್‌ಬಿಐ ಕಂಪ್ಯೂಟರ್ 20 ಜನರ ಪಟ್ಟಿ ಕೊಟ್ಟಿತು. ಅದರಲ್ಲಿ ಒರೆಗಾನ್‌ನ ವಕೀಲ ಬ್ರ್ಯಾಂಡನ್ ಮೇಫೀಲ್ಡ್ ಹೆಸರಿತ್ತು. ಎಫ್‌ಬಿಐನ ಮೂವರು ಅನುಭವಿ ತಜ್ಞರು ಇದು ಇವರದ್ದೇ ಅಂದರು. ನ್ಯಾಯಾಲಯ ನೇಮಿಸಿದ ತಜ್ಞರೂ ಹೌದು ಅಂದರು. ನಮಗೆ ಹೊಂದುತ್ತಿಲ್ಲ ಅಂತ ಸ್ಪೇನ್ ಪೊಲೀಸರು ಮೊದಲೇ ತಿಳಿಸಿದ್ದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಫೀಲ್ಡ್ ಎರಡು ವಾರ ಬಂಧನದಲ್ಲಿದ್ದರು. ಆಮೇಲೆ ಅದು ಅಲ್ಜೀರಿಯಾದವನೊಬ್ಬನ ಅಚ್ಚು ಅಂತ ಸ್ಪೇನ್ ಪತ್ತೆಹಚ್ಚಿತು. ಎಫ್‌ಬಿಐ ಕ್ಷಮೆ ಕೇಳಿತು. 2006ರಲ್ಲಿ ಅಮೆರಿಕ ಸರ್ಕಾರ 20 ಲಕ್ಷ ಡಾಲರ್ ಪರಿಹಾರ ಕೊಟ್ಟಿತು.

ಇದು ಹೇಗಾಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭೂತಗನ್ನಡಿ ಕೆಳಗೆ ಎರಡು ಅಚ್ಚು ಇಟ್ಟುಕೊಂಡು ನಾವು ನೋಡುವುದು ಗೆರೆ ಎಲ್ಲಿ ನಿಂತಿತು, ಎಲ್ಲಿ ಕವಲೊಡೆಯಿತು, ಎಲ್ಲಿ ಒಂಟಿ ಚುಕ್ಕೆ ಇದೆ, ಇವುಗಳ ನಡುವೆ ಎಷ್ಟು ಗೆರೆ ಇವೆ ಅಂತ. ಠಾಣೆಯಲ್ಲಿ ಮಸಿ ಹಚ್ಚಿ ತೆಗೆದ ಅಚ್ಚು ಸ್ಪಷ್ಟವಾಗಿರುತ್ತದೆ. ಸ್ಥಳದಲ್ಲಿ ಸಿಕ್ಕಿದ್ದು ಮಸುಕು. ಸರಿಯಾದ ಕ್ರಮ ಅಂದರೆ, ಮೊದಲು ಮಸುಕಿನದ್ದರಲ್ಲಿ ಕಂಡದ್ದನ್ನಷ್ಟೇ ಗುರುತು ಮಾಡಿಟ್ಟುಕೊಂಡು ಆಮೇಲೆ ಸ್ಪಷ್ಟವಾದದ್ದನ್ನು ತೆರೆಯಬೇಕು. ಉಲ್ಟಾ ಮಾಡಿದರೆ ಸ್ಪಷ್ಟ ಅಚ್ಚಿನಲ್ಲಿ ಕಂಡ ಕವಲು ಮಸುಕಿನದ್ದರಲ್ಲೂ ಇದ್ದ ಹಾಗೆ ಕಾಣತೊಡಗುತ್ತದೆ. ಮ್ಯಾಡ್ರಿಡ್ ಪ್ರಕರಣದಲ್ಲಿ ಹೀಗಾಗಿತ್ತು ಅಂತ ಅಮೆರಿಕದ್ದೇ ತನಿಖಾ ವರದಿ ಹೇಳಿತು. ಕವಲು, ಚುಕ್ಕೆಯಂಥ ಈ ಗುರುತುಗಳಿಗೆ ಬಿಂದು ಅನ್ನುತ್ತೇವೆ; ಇಷ್ಟು ಬಿಂದು ಹೊಂದಿದರೆ ಸಾಕು ಅನ್ನುವ ಒಂದೇ ಲೆಕ್ಕ ಜಗತ್ತಿನಲ್ಲಿ ಇಲ್ಲ. ಇಂಗ್ಲೆಂಡ್ 2001ರವರೆಗೆ 16 ಬೇಕು ಅನ್ನುತ್ತಿತ್ತು, ಆಮೇಲೆ ಅದನ್ನೂ ಕೈಬಿಟ್ಟಿತು.

ಐಟಿಯೆಲ್ ಡ್ರೋರ್ ಅನ್ನುವ ಸಂಶೋಧಕರು 2006ರಲ್ಲಿ ಒಂದು ಪರೀಕ್ಷೆ ಪ್ರಕಟಿಸಿದರು. ಐವರು ತಜ್ಞರಿಗೆ, ಅವರೇ ಕೆಲವು ವರ್ಷದ ಹಿಂದೆ 'ಹೊಂದುತ್ತದೆ' ಅಂದಿದ್ದ ಅಚ್ಚುಗಳನ್ನು ಕೊಟ್ಟು, ಇದು ಮ್ಯಾಡ್ರಿಡ್‌ನಲ್ಲಿ ತಪ್ಪಾದ ಜೋಡಿ ಅಂತ ಹೇಳಿದರು. ಮೂವರು 'ಹೊಂದುವುದಿಲ್ಲ' ಅಂದರು. ಒಬ್ಬರು ಹೇಳಲಾಗದು ಅಂದರು. ಹಳೆಯ ಮಾತಿಗೇ ನಿಂತವರು ಒಬ್ಬರೇ. ಗೆರೆ ಬದಲಾಗಿರಲಿಲ್ಲ, ಕಿವಿಗೆ ಬಿದ್ದ ಮಾತು ಬದಲಾಗಿತ್ತು. ಅದಕ್ಕೇ ಅಚ್ಚು ನೋಡುವವರಿಗೆ ಆರೋಪಿಯ ಕತೆ ಹೇಳಬಾರದು ಅನ್ನುವುದು ನನ್ನ ದೃಢ ಅಭಿಪ್ರಾಯ.

ಹಾಗಂತ ಈ ವಿದ್ಯೆಯೇ ಸುಳ್ಳು ಅಂದುಕೊಳ್ಳಬೇಡಿ. 2011ರಲ್ಲಿ ಅಮೆರಿಕದಲ್ಲಿ 169 ತಜ್ಞರನ್ನು ಪರೀಕ್ಷಿಸಿದಾಗ, ಬೇರೆಯವರ ಅಚ್ಚನ್ನು 'ಇದೇ' ಅಂದ ತಪ್ಪು ಶೇ. 0.1ರಷ್ಟು ಮಾತ್ರ. ನಿಜವಾಗಿ ಹೊಂದುವುದನ್ನು ಹೊಂದುವುದಿಲ್ಲ ಅಂದ ತಪ್ಪು ಶೇ. 7.5. ಅಂದರೆ ತಜ್ಞರು ಹೊಂದುತ್ತದೆ ಅಂದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲೇಬೇಕು. ನಿಮ್ಮ ತಮ್ಮ 'ಅದು ನನ್ನದಲ್ಲ' ಅಂತ ವಾದಿಸಲು ಹೊರಟರೆ ಸೋಲುವ ಸಂಭವವೇ ಜಾಸ್ತಿ. 'ನಾನೇ ಆ ಕೆಲಸ ಮಾಡಿದ್ದು, ಇಂಥ ದಿನ ಮಾಡಿದ್ದು' ಅನ್ನುವುದೇ ಅವನ ಬಲ.

ಆ್ಯಸಿಡ್, ರೇಷನ್ ಅಂಗಡಿಯ ವಿಷಯ ಬೇಗ ಮುಗಿಸುತ್ತೇನೆ. ಗೆರೆಗಳ ವಿನ್ಯಾಸ ತಾಯಿಯ ಹೊಟ್ಟೆಯಲ್ಲಿ ಸುಮಾರು ಮೂರನೇ ತಿಂಗಳಿಂದ ಮೂಡತೊಡಗುತ್ತದೆ. ಅದರ ಬುಡ ಚರ್ಮದ ಒಳಪದರದಲ್ಲಿದೆ. ಮೇಲ್ಪದರ ಸವೆದರೆ ಅದೇ ವಿನ್ಯಾಸ ಮತ್ತೆ ಬರುತ್ತದೆ. ಒದ್ದೆ ಸಿಮೆಂಟ್ ಸುಣ್ಣದ ಹಾಗೆ ಚರ್ಮ ತಿನ್ನುತ್ತದೆ, ಗೆರೆ ಸವೆದು ಮೆಷಿನ್‌ಗೆ ಕಾಣುವುದಿಲ್ಲ, ಅಷ್ಟೇ. ಸವೆದ ಗೆರೆ ಕಾಣದೇ ಹೋಗಬಹುದು, ಇನ್ನೊಬ್ಬರ ಗೆರೆ ಆಗುವುದಿಲ್ಲ. ಕೆಲವು ವಾರ ಗಾರೆ ಕೆಲಸ ಬಿಟ್ಟು, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆ್ಯಸಿಡ್ ಹಾಗಲ್ಲ. ಒಳಪದರದವರೆಗೆ ಸುಟ್ಟರೆ ಅಲ್ಲಿ ಗಾಯದ ಕಲೆ ಉಳಿದು, ಆ ಕಲೆಯೇ ಹೊಸ ಗುರುತಾಗುತ್ತದೆ. ಅಮೆರಿಕದ ಬ್ಯಾಂಕ್ ದರೋಡೆಕೋರ ಜಾನ್ ಡಿಲಿಂಜರ್ 1934ರಲ್ಲಿ ಬೆರಳು ಸುಡಿಸಿಕೊಂಡಿದ್ದ. ಸತ್ತ ಮೇಲೆ ಉಳಿದ ಗೆರೆಗಳಿಂದಲೇ ಅವನನ್ನು ಗುರುತಿಸಿದರು. ಮರಗೆಲಸದವನಿಗೆ ಬೆರಳೇ ಅನ್ನ. ಅದನ್ನು ಸುಡುವ ಮಾತು ಮನೆಯಲ್ಲಿ ಮತ್ತೆ ಬರಬಾರದು.

ಆಧಾರ್‌ನಲ್ಲಿರುವ ಬೆರಳಚ್ಚನ್ನು ಅಪರಾಧ ತನಿಖೆಗೆ ಹಂಚಿಕೊಳ್ಳುವುದನ್ನು 2016ರ ಆಧಾರ್ ಕಾಯ್ದೆಯ 29ನೇ ಕಲಂ ತಡೆಯುತ್ತದೆ. ಪೊಲೀಸರ ಬೆರಳಚ್ಚು ಸಂಗ್ರಹವೇ ಬೇರೆ. ಮಂಪರು ಪರೀಕ್ಷೆಯ ಭಯವೂ ಬೇಡ. ಒಂದು ಕಾಲಕ್ಕೆ ಬೆಂಗಳೂರು ಅದಕ್ಕೇ ದೇಶದಲ್ಲೆಲ್ಲ ಹೆಸರಾಗಿತ್ತು. ಆದರೆ 2010ರ ಮೇ 5ರಂದು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ, ಒಪ್ಪಿಗೆ ಇಲ್ಲದೆ ಯಾರಿಗೂ ಮಂಪರು, ಸುಳ್ಳುಪತ್ತೆ, ಮೆದುಳು ಪರೀಕ್ಷೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಬೆರಳಚ್ಚಿಗೆ ಈ ರಕ್ಷಣೆ ಇಲ್ಲ. ಅದನ್ನು ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಅಂತ 1961ರಲ್ಲೇ ತೀರ್ಮಾನವಾಗಿದೆ.

ಈಗ ಮುಂದೇನು? ಒಂದು ದಾರಿ, ಸುಮ್ಮನೆ ಕರೆದಾಗ ಹೋಗಿ ಬರುವುದು. ಖರ್ಚಿಲ್ಲ, ಆದರೆ ಏನು ಹೇಳಿದ, ಅವರು ಏನು ಬರೆದುಕೊಂಡರು ಅನ್ನುವುದಕ್ಕೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇನ್ನೊಂದು, ನಿರೀಕ್ಷಣಾ ಜಾಮೀನು. ಬಂಧನದ ಸೂಚನೆ ನಿಜವಾಗಿ ಇದ್ದರೆ ವಕೀಲರು ಅದನ್ನು ಹೇಳುತ್ತಾರೆ. ಖರ್ಚಿದೆ, ಅರ್ಜಿ ತಿರಸ್ಕಾರವಾದರೆ ಪರಿಸ್ಥಿತಿ ಬಿಗಿಯಾಗುತ್ತದೆ. ನಾನು ಒಲವು ತೋರುವುದು ಇವೆರಡರ ನಡುವಿನ ದಾರಿಗೆ: ಕರೆದಾಗಲೆಲ್ಲ ಹೋಗುವುದು, ಆದರೆ ಕರೆಯನ್ನು ಲಿಖಿತ ನೋಟಿಸ್ ರೂಪದಲ್ಲಿ ಕೊಡಿ ಅಂತ ಮರ್ಯಾದೆಯಿಂದ ಕೇಳುವುದು, ವಕೀಲರನ್ನು ಜತೆಗೆ ಕರೆದೊಯ್ಯುವುದು. ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಂ ಪ್ರಕಾರ ನೋಟಿಸ್‌ಗೆ ಸರಿಯಾಗಿ ಹಾಜರಾಗುತ್ತಿರುವವನನ್ನು, ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ಗೋವಾಕ್ಕೆ ಹೋದರೆ ಈ ರಕ್ಷಣೆಯನ್ನು ಕೈಯಾರೆ ಬಿಟ್ಟ ಹಾಗೆ. ಫೀಸ್ ಕಷ್ಟವಾದರೆ ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಖಾಲಿ ಹಾಳೆಗೆ, ಓದದ ಹಾಳೆಗೆ ಸಹಿಯಾಗಲಿ ಹೆಬ್ಬೆಟ್ಟಾಗಲಿ ಬೇಡವೇ ಬೇಡ.

ಹೋಗುವ ಮುಂಚೆ ಈ ವಾರವೇ ಕಾಗದ ಜೋಡಿಸಿ. ಆ ಕೆಲಸಕ್ಕೆ ಬಂದ ಫೋನ್‌ಪೇ, ಗೂಗಲ್‌ಪೇ ದಾಖಲೆ, ಪ್ಲೈವುಡ್ ಅಂಗಡಿಯ ಬಿಲ್, ಮೇಸ್ತ್ರಿ ಜತೆಗಿನ ವಾಟ್ಸ್ಆ್ಯಪ್ ಮಾತು, ಕೆಲಸ ಮುಗಿದ ದಿನ ತೆಗೆದ ವಾರ್ಡ್‌ರೋಬ್ ಫೋಟೋ. ಕಳ್ಳತನ ನಡೆದ ದಿನ ಅವನು ಎಲ್ಲಿ ಕೆಲಸ ಮಾಡುತ್ತಿದ್ದ ಅನ್ನುವುದಕ್ಕೂ ಇಂಥದ್ದೇ. ಮೂಲ ನಿಮ್ಮ ಹತ್ತಿರ ಇರಲಿ, ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಚಾರ್ಜ್‌ಶೀಟ್ ಆಗಿಬಿಟ್ಟರೆ, ಅಚ್ಚು ಸಿಕ್ಕ ಜಾಗದ ಫೋಟೋ, ಮಹಜರು, ತಜ್ಞರ ಅಭಿಪ್ರಾಯ ಮೂರನ್ನೂ ಒಟ್ಟಿಗೆ ಇಟ್ಟು ನೋಡಲು ವಕೀಲರಿಗೆ ಹೇಳಿ. ಮಹಜರಿನಲ್ಲಿ 'ವಾರ್ಡ್‌ರೋಬ್ ಮೇಲೆ' ಅಂತಷ್ಟೇ ಬರೆದಿದ್ದರೆ ಸಾಲದು. ಯಾವ ಬಾಗಿಲು, ಒಳಗೋ ಹೊರಗೋ, ನೆಲದಿಂದ ಎಷ್ಟು ಎತ್ತರ ಅನ್ನುವುದು ಬೇಕು. ಅಂಟಿನ ಅಚ್ಚೋ ಜಿಡ್ಡಿನದ್ದೋ ಅನ್ನುವ ಪ್ರಶ್ನೆಯನ್ನು ಪಾಟೀಸವಾಲಿನಲ್ಲಿ ತಜ್ಞರಿಗೆ ಕೇಳಲೇಬೇಕು.

ಕೊನೆಯದಾಗಿ, ಅವನು ಕೊಟ್ಟ ಬೆರಳಚ್ಚು. ಬಂಧನ ಆಗದವನ ಅಚ್ಚು ಕಡ್ಡಾಯವಾಗಿ ಬೇಕಾದರೆ, 2022ರ ಗುರುತಿಸುವಿಕೆ ಕಾಯ್ದೆಯ ಪ್ರಕಾರ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ನಿಮ್ಮ ತಮ್ಮ ತಾನಾಗಿ ಕೊಟ್ಟಿರಬಹುದು. ಕೆಲಸದವರ, ಮನೆಯವರ ಅಚ್ಚು ತೆಗೆದು ಅವರದ್ದನ್ನು ಬದಿಗಿಡುವುದು ತನಿಖೆಯ ಸಾಮಾನ್ಯ ಕ್ರಮ, ತಪ್ಪಲ್ಲ. ಆದರೆ ಆ ಕಾಯ್ದೆಯಡಿ ದಾಖಲಾದ ಅಚ್ಚು 75 ವರ್ಷ ಇರುತ್ತದೆ. ಹಿಂದೆ ಶಿಕ್ಷೆ ಆಗಿಲ್ಲದವನು ವಿಚಾರಣೆ ಇಲ್ಲದೆ ಬಿಡುಗಡೆಯಾದರೆ, ಅಥವಾ ಖುಲಾಸೆಯಾಗಿ ಎಲ್ಲ ಮೇಲ್ಮನವಿ ಮುಗಿದರೆ, ನ್ಯಾಯಾಲಯ ಬೇರೆ ಆದೇಶ ಮಾಡದ ಹೊರತು ಅಳಿಸಬೇಕು. ತಾನಾಗಿ ಅಳಿಯುತ್ತದೆ ಅಂತ ಕಾಯಬೇಡಿ. ಪ್ರಕರಣ ಮುಗಿದ ತಿಂಗಳಲ್ಲೇ ವಕೀಲರ ಮೂಲಕ ಲಿಖಿತವಾಗಿ ಕೇಳಿ, ಅರ್ಜಿಯ ಮುದ್ರೆ ಬಿದ್ದ ಪ್ರತಿಯನ್ನು ತೆಗೆದಿಟ್ಟುಕೊಳ್ಳಿ.